ಮರಳಿ ಬರುವುದಕ್ಕೆ ಪುರಾವೆ

ಮಾರ್ಚ್ 3, ಸೋಮವಾರ

ಆಸ್ಪತ್ರೆಯವರು ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಈವರೆಗೆ ಅವೆಲ್ಲ ಅಲುಗಾಡುವ ಮೇಜಿನ ಕಾಲಡಿಗೆ ಹೋಗಿವೆ. ಇವತ್ತು ಬರೆಯಬೇಕು ಅನ್ನಿಸಿತು. ಯಾರಿಗೆ ಹೇಳಿದರೂ ಮುಖ ಸಣ್ಣದು ಮಾಡಿಕೊಂಡು "ಪಾಪ" ಅನ್ನುತ್ತಾರೆ. ಆ ಪಾಪ ನನಗೆ ಬೇಡ.

ಬೆಳಿಗ್ಗೆ ಆಪರೇಷನ್ ಕೋಣೆಯ ನಿಲುವಂಗಿಗಳನ್ನು ಇಸ್ತ್ರಿ ಯಂತ್ರಕ್ಕೆ ಕೊಡುತ್ತಿದ್ದಾಗ ಫೋನು ಬಂತು. ಅವನು ಮಲಗಿರುವ ಆಸ್ಪತ್ರೆಯಿಂದ. ನಮ್ಮ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕೂರಿಸಿಕೊಂಡು ಡಾಕ್ಟರು ಮಾತಾಡಿದರು. ಜನವರಿಯಲ್ಲಿ ನಾನು ಕೊಟ್ಟ ರಕ್ತದ ಮಾದರಿ ಅವನದಕ್ಕೆ ಪೂರ್ತಿ ಹೊಂದುತ್ತದಂತೆ. ಅವನ ರಕ್ತ ಹುಟ್ಟುವ ಜಾಗವೇ ಕೆಟ್ಟಿದೆ. ನನ್ನ ಮಜ್ಜೆಯ ಕಣಗಳನ್ನು ಹಾಕಿದರೆ ಉಳಿಯುವ ಆಸೆಯಿದೆ. ಎಂಟು ಹತ್ತು ವಾರದೊಳಗೆ ಬನ್ನಿ ಎಂದರು. ಪಕ್ಕದ ಬೀದಿಯಿಂದ ಕರೆದ ಹಾಗೆ.

ಅವನು ಎಂದರೆ ನನ್ನ ತಾಯಿಯ ಹಿರಿಯ ಮಗ. ಹದಿನೇಳು ವರ್ಷದ ಹಿಂದೆ ಲಿಫ್ಟ್ ರಿಪೇರಿ ಕೆಲಸಕ್ಕೆಂದು ಹೊರದೇಶಕ್ಕೆ ಹೋದವನು. ಹನ್ನೊಂದು ವರ್ಷದ ಹಿಂದೆ ಅಮ್ಮ ಹಾಸಿಗೆ ಹಿಡಿದಾಗ, ಸತ್ತಾಗ, "ರಜೆ ಸಿಗಲಿಲ್ಲ" ಎಂದವನು. ಅಂದಿನಿಂದ ನಾನು ಅವನೊಂದಿಗೆ ಮಾತಾಡಿಲ್ಲ. ಮಾದರಿ ಕೊಟ್ಟಿದ್ದೂ ಚಿಕ್ಕಮ್ಮನ ಅಳು ತಡೆಯಲಾರದೆ, ಹೊಂದುವುದಿಲ್ಲ ಎಂಬ ಧೈರ್ಯದ ಮೇಲೆ.

ಚಿಕ್ಕಮ್ಮನಿಗೆ ಎಂಬತ್ತೊಂದು. ನನ್ನ ಜೊತೆಗೇ ಇರುತ್ತಾರೆ. ಸುದ್ದಿ ಕೇಳಿ, "ಹೋಗ್ತೀಯಲ್ವಾ?" ಎಂದರು.

"ಹೋಗ್ತೀನಿ. ಕೊಡೋದು ಕೊಟ್ಟು ನಾಲ್ಕನೇ ದಿನ ವಾಪಸ್. ಅವನ ಮನೆಯಲ್ಲಿ ನೀರೂ ಕುಡಿಯಲ್ಲ."

ಪಾಸ್‌ಪೋರ್ಟು ಹೇಗಿರುತ್ತದೆ ಎಂದು ನಾನು ಕೈಯಲ್ಲಿ ಹಿಡಿದು ನೋಡಿದವಳಲ್ಲ.

ಮಾರ್ಚ್ 5, ಬುಧವಾರ

ಆಸ್ಪತ್ರೆಯ ಸ್ಟೋರಿನ ಗುಮಾಸ್ತರನ್ನು ಎಲ್ಲರೂ ಬೆನ್ನ ಹಿಂದೆ 'ಫಾರಿನ್' ಎನ್ನುತ್ತೇವೆ. ಒಮ್ಮೆ ಹದಿನೈದು ದಿನ ಹೊರದೇಶಕ್ಕೆ ಹೋಗಿಬಂದವರು, ಈಗಲೂ ಆ ಹದಿನೈದು ದಿನದಿಂದ ಹೊರಬಂದಿಲ್ಲ. ಊಟದ ಬಿಡುವಿನಲ್ಲಿ ಅವರ ಕಂಪ್ಯೂಟರಿನ ಮುಂದೆ ಕೂತೆ. ಪಾಸ್‌ಪೋರ್ಟ್ ಅರ್ಜಿಗೆ ಮೊದಲು ಖಾತೆ ತೆರೆಯಬೇಕು, ಪಾಸ್‌ವರ್ಡ್ ಕೊಡಬೇಕು. ದೊಡ್ಡಕ್ಷರ ಇಲ್ಲ ಅಂದಿತು, ಅಂಕಿ ಇಲ್ಲ ಅಂದಿತು, ಚಿಹ್ನೆ ಇಲ್ಲ ಅಂದಿತು. ಕೊನೆಗೆ ಸಿಟ್ಟಿನಲ್ಲಿ ಏನೋ ಕುಟ್ಟಿದೆ, "ಬಲಿಷ್ಠವಾಗಿದೆ" ಎಂದು ಹೊಗಳಿತು. ಏನು ಕುಟ್ಟಿದೆನೋ ಈಗ ನೆನಪಿಲ್ಲ.

ಸಂಜೆ ಮನೆಯಲ್ಲಿ ಫೋನಿನಲ್ಲೇ ಮತ್ತೆ ಶುರು ಮಾಡಿದೆ. ನೀವು ಯಂತ್ರವಲ್ಲ ಎಂದು ತೋರಿಸಿ, ದಾರಿದೀಪ ಇರುವ ಚಿತ್ರಗಳನ್ನು ಒತ್ತಿ ಎಂದಿತು. ಚಿಕ್ಕಮ್ಮ ಭೂತಗನ್ನಡಿ ಹಿಡಿದು ಬಗ್ಗಿ ನೋಡಿದರು.

"ಅದಕ್ಕೇ ಕಣ್ಣಿಲ್ಲ, ನಿನ್ನನ್ನ ಯಂತ್ರ ಅನ್ನುತ್ತಲ್ಲ! ಆ ಮೂಲೆಯದು ಒತ್ತು. ಅದು ದೀಪ ಅಲ್ಲ, ಹಕ್ಕಿಗೂಡು. ಆದ್ರೂ ಒತ್ತು."

ಶಾಲೆಯ ಪತ್ರದಲ್ಲಿ ನನ್ನ ಹೆಸರಿಗೆ ಒಂದು ಅಕ್ಷರ ಹೆಚ್ಚು, ಗುರುತಿನ ಚೀಟಿಯಲ್ಲಿ ಒಂದು ಕಡಿಮೆ. ನಲವತ್ತನಾಲ್ಕು ವರ್ಷ ಯಾವುದು ಸರಿ ಎಂದು ಯಾರೂ ಕೇಳಿರಲಿಲ್ಲ.

ಮಾರ್ಚ್ 6, ಗುರುವಾರ

ಎರಡೂ ಹೆಸರು ಒಬ್ಬಳದೇ ಎಂದು ವಕೀಲರ ಬಳಿ ಬರೆಸಿ ಮೊಹರು ಹಾಕಿಸಿದೆ. ಫೋಟೊ ಮೂರು ಸಲ ತಿರಸ್ಕಾರ: ಕಿವಿ ಕಾಣುತ್ತಿಲ್ಲ, ನೆರಳು ಬಿದ್ದಿದೆ, ಮುಖದಲ್ಲಿ ಭಾವನೆ ಇರಬಾರದು. ಮೂರನೆಯದು ಹೇಗೆ ತಿದ್ದಿಕೊಳ್ಳುವುದೋ. ಇದು ಭಾವನೆಯಲ್ಲ, ನನ್ನ ಮುಖವೇ ಹೀಗೆ.

ಮಾರ್ಚ್ 12, ಬುಧವಾರ

ಪಾಸ್‌ಪೋರ್ಟ್ ಕಚೇರಿ. ಉದ್ದ ಹಜಾರ, ಬೋಲ್ಟು ಹಾಕಿದ ಕುರ್ಚಿಗಳು, ಗೋಡೆಯ ಮೇಲೆ ಟೋಕನ್ ನಂಬರು. ಕಾಗದಗಳೆಲ್ಲ ಸರಿಯಾಗಿದ್ದವು. ಬೆರಳೇ ಸರಿಯಿರಲಿಲ್ಲ.

ಗಾಜಿನ ಮೇಲೆ ಬೆರಳಿಟ್ಟರೆ ಯಂತ್ರ ಕೆಂಪು ದೀಪ ಹಾಕುತ್ತದೆ. ಒರೆಸಿ ಇಟ್ಟೆ, ಒತ್ತಿ ಇಟ್ಟೆ, ಊದಿ ಇಟ್ಟೆ. ಕೌಂಟರಿನ ಹುಡುಗಿ ನನ್ನ ಕೈ ತಿರುಗಿಸಿ ನೋಡಿ, "ಏನು ಕೆಲಸ ಮಾಡ್ತೀರಾ?" ಎಂದಳು.

"ಆಸ್ಪತ್ರೆಯ ಬಟ್ಟೆ ತೊಳೆಯೋ ವಿಭಾಗ. ಬ್ಲೀಚು, ಇಸ್ತ್ರಿ. ಇಪ್ಪತ್ತೆರಡು ವರ್ಷ."

"ಗೆರೆಗಳೇ ಇಲ್ಲ ಅಕ್ಕಾ. ಪೂರ್ತಿ ಸವೆದುಹೋಗಿದೆ. ಒಂದು ವಾರ ನೀರು, ಬಿಸಿ ಮುಟ್ಟಬೇಡಿ, ಕ್ರೀಮ್ ಹಚ್ಚಿ ಬನ್ನಿ. ಚರ್ಮ ಬಂದರೂ ಬರಬಹುದು."

ಹೊರಗೆ ಬಂದು ಮೆಟ್ಟಿಲ ಮೇಲೆ ಬೆರಳು ನೋಡುತ್ತ ನಿಂತೆ. ಹೋಗಿ ಬರುವವರೆಲ್ಲ ತಮ್ಮ ತಮ್ಮ ಬೆರಳು ಜೊತೆಗೇ ಇಟ್ಟುಕೊಂಡು ಓಡಾಡುತ್ತಿದ್ದರು.

ಮಾರ್ಚ್ 15, ಶನಿವಾರ

ಮೇಲ್ವಿಚಾರಕರು ನನ್ನನ್ನು ಲೆಕ್ಕದ ಪುಸ್ತಕದ ಮುಂದೆ ಕೂರಿಸಿದ್ದಾರೆ. ಎಷ್ಟು ಹೊದಿಕೆ ಹೋಯಿತು, ಎಷ್ಟು ದಿಂಬಿನ ಚೀಲ ಬಂತು. ಕೈ ಸುಮ್ಮನಿರಲು ಒಪ್ಪುವುದಿಲ್ಲ. ಪೆನ್ನಿನ ಮುಚ್ಚಳ ತೆಗೆಯುತ್ತೇನೆ, ಹಾಕುತ್ತೇನೆ. ಹೊಸಬಳೊಬ್ಬಳು ಹೊದಿಕೆಯ ಅಂಚು ಓರೆ ಮಡಚುವುದನ್ನು ನೋಡಿ ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಮನೆಯಲ್ಲಿ ಪಾತ್ರೆ ತೊಳೆಯುವುದೂ ಚಿಕ್ಕಮ್ಮನೇ. ತೊಳೆದದ್ದಕ್ಕಿಂತ ಒಡೆದದ್ದು ಹೆಚ್ಚು.

ನಾಲ್ಕು ಸಲ ಮನೆಯೊಳಗೆ ಉದ್ದಗಲ ನಡೆದೆ. "ಕೂತ್ಕೋ, ನೆಲ ಸವೆಯುತ್ತೆ. ಆಮೇಲೆ ನೆಲಕ್ಕೂ ಕ್ರೀಮ್ ಹಚ್ಚಬೇಕಾಗುತ್ತೆ" ಎಂದರು ಚಿಕ್ಕಮ್ಮ.

ಕೆಲಸವಿಲ್ಲದ ಕೈ ಇರುವವರಿಗೆ ನೆನಪು ಜಾಸ್ತಿ ಎಂದು ಕಾಣುತ್ತದೆ. ಅಮ್ಮನ ಕೊನೆಯ ತಿಂಗಳು ಬೇಡಬೇಡವೆಂದರೂ ಎದುರಿಗೆ ಬರುತ್ತಿದೆ. ಬಾಗಿಲ ಸದ್ದಾದರೆ ಅಮ್ಮ ತಲೆ ಎತ್ತುತ್ತಿದ್ದಳು. ಅವನು ಬಂದನೇನೋ ಎಂದು ನೋಡುತ್ತಾಳೆ ಅಂದುಕೊಂಡು ನನ್ನ ಹೊಟ್ಟೆ ಉರಿಯುತ್ತಿತ್ತು.

ಮಾರ್ಚ್ 19, ಬುಧವಾರ

ಹತ್ತು ಬೆರಳಲ್ಲಿ ಏಳು ಹಸಿರು ದೀಪ. "ಸಾಕು" ಎಂದಳು ಹುಡುಗಿ. ಅವಳನ್ನು ಅಪ್ಪಿಕೊಳ್ಳುವುದೊಂದು ಬಾಕಿ.

ಮಾರ್ಚ್ 24, ಸೋಮವಾರ

ವಿಚಾರಣೆಗೆ ಪೊಲೀಸ್ ಪೇದೆ ಬಂದಿದ್ದರು. ಚಿಕ್ಕಮ್ಮ ತಮ್ಮನ್ನೇ ಹಿಡಿಯಲು ಬಂದವರಂತೆ ನೆಟ್ಟಗೆ ಕೂತರು.

"ಇವರ ನಡತೆ ಹೇಗೆ?"

"ಬಾಯಿ ಸ್ವಲ್ಪ ಜೋರು. ಮಿಕ್ಕಿದ್ದೆಲ್ಲ ಚೆನ್ನಾಗಿದೆ."

ಪೇದೆ ನಗದೆ "ಉತ್ತಮ" ಎಂದು ಬರೆದುಕೊಂಡರು. ಹೋಗುವಾಗ ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿದರು. ಹೇಳಿದೆ. "ಪಾಪ" ಎಂದರು. ನಾನು ಬಾಗಿಲು ಹಾಕಿಕೊಂಡೆ.

ಏಪ್ರಿಲ್ 2, ಬುಧವಾರ

ಪಾಸ್‌ಪೋರ್ಟು ಬಂತು. ಅಂಚೆಯವರ ಮುಂದೆಯೇ ಹರಿದು ತೆಗೆದೆ. ಗಟ್ಟಿ ರಟ್ಟು, ಒಳಗೆಲ್ಲ ಖಾಲಿ ಹಾಳೆ. ಇದು ಮನೆ ಬಿಡಲು ಅಪ್ಪಣೆ ಮಾತ್ರ. ಅವರ ಮನೆಯೊಳಗೆ ಕಾಲಿಡಲು ಬೇರೆ ಅಪ್ಪಣೆ ಬೇಕು, ಅದೇ ವೀಸಾ ಎಂದು ಫಾರಿನ್ ತಿಳಿಸಿ ಹೇಳಿದರು. ಅದರ ನಿಯಮ ನಲವತ್ತೊಂದು ಪುಟ ಇದೆ. ಅವರ ಪ್ರಿಂಟರಿನಲ್ಲಿ ಕಾಗದ ಮುಗಿಯುವವರೆಗೆ ತೆಗೆದುಕೊಟ್ಟರು.

ಊಟ ಮಾಡುತ್ತ ಓದಿದೆ, ಬಸ್ಸಿನಲ್ಲಿ ಓದಿದೆ. ಆಹ್ವಾನ ಪತ್ರ, ಆಸ್ಪತ್ರೆಯ ಪತ್ರ, ನನ್ನ ರಜೆಯ ಪತ್ರ. ಹನ್ನೆರಡನೇ ಪುಟದಲ್ಲಿ, 'ಭೇಟಿ ಮುಗಿದ ಮೇಲೆ ಅರ್ಜಿದಾರರು ಮರಳಿ ಹೋಗುವರೆಂಬುದಕ್ಕೆ ಪುರಾವೆ.' ಗಂಡ, ಮಕ್ಕಳು, ಸ್ವಂತ ಮನೆ, ಜಮೀನು ಎಂದು ಉದಾಹರಣೆ ಕೊಟ್ಟಿದ್ದಾರೆ. ನನಗೆ ಒಂದೂ ಇಲ್ಲ.

"ನಾನಿದ್ದೀನಲ್ಲ," ಎಂದರು ಚಿಕ್ಕಮ್ಮ. "ನನ್ನ ಫೋಟೋ ಅಂಟಿಸು. ಕಿವಿ ಎರಡೂ ಕಾಣ್ತವೆ."

ಏಪ್ರಿಲ್ 4, ಶುಕ್ರವಾರ

ಇವತ್ತಿನದನ್ನು ನೆಟ್ಟಗೆ ಬರೆಯಬೇಕು.

ಅರ್ಜಿಯಲ್ಲಿ ಒಂದು ಕಡೆ, ಆಹ್ವಾನಿಸುವವರು ಆ ದೇಶದಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾವ ಪರವಾನಗಿಯ ಮೇಲೆ ಇದ್ದಾರೆ ಎಂದು ಬರೆಯಬೇಕು. ಚಿಕ್ಕಮ್ಮನ ಕೈಲಿ ಅವನನ್ನು ಕೇಳಿಸಿದೆ. ಎರಡು ದಿನ ಸುಮ್ಮನಿದ್ದು ಇವತ್ತು ಒಂದು ಹಾಳೆಯ ಚಿತ್ರ ಕಳಿಸಿದ. ಮೊದಲ ಐದು ವರ್ಷ ಲಿಫ್ಟ್ ಕಂಪನಿಯ ಕೆಲಸದ ಪರವಾನಗಿ. ಕೊನೆಯ ಆರು ವರ್ಷ ಶಾಶ್ವತ ವಾಸ. ನಡುವೆ ಆರು ವರ್ಷ ಒಂದು ಅಡ್ಡಗೆರೆ. ಅಷ್ಟೇ.

ನಿಯಮದ ಪುಟಗಳನ್ನು ಮತ್ತೆ ತಿರುಗಿಸಿದೆ. ಕೆಲಸದ ಪರವಾನಗಿ ಆ ಕಂಪನಿಗೆ ಮಾತ್ರ; ಕಂಪನಿ ಮುಚ್ಚಿದರೆ ಅರವತ್ತು ದಿನ ಅವಕಾಶ. ಆಮೇಲೂ ಉಳಿದರೆ ಅಕ್ರಮ. ಒಂದು ವರ್ಷಕ್ಕಿಂತ ಹೆಚ್ಚು ಹಾಗೆ ಉಳಿದು ದೇಶ ಬಿಟ್ಟವರು ಹತ್ತು ವರ್ಷ ಮತ್ತೆ ಒಳಗೆ ಬರುವಂತಿಲ್ಲ.

ಬೆರಳಲ್ಲಿ ಎಣಿಸಿದೆ. ಅಮ್ಮ ಸತ್ತದ್ದು ಆ ಅಡ್ಡಗೆರೆಯ ಒಳಗೆ.

ರಜೆ ಸಿಗಲಿಲ್ಲವಂತೆ. ಕಂಪನಿ ಮುಚ್ಚಿರಬೇಕು, ರಜೆ ಕೊಡುವವನೇ ಇರಲಿಲ್ಲ. ಬಂದಿದ್ದರೆ ಹಿಂದಕ್ಕೆ ಹೋಗುವ ಹಾಗಿರಲಿಲ್ಲ. ಅಮ್ಮನ ಔಷಧಿ ಬರುತ್ತಿದ್ದದ್ದು ಅವನ ದುಡಿಮೆಯಿಂದ.

ಯಾಕೆ ಹೇಳಲಿಲ್ಲ? ಬಾಯಿ ಇರಲಿಲ್ಲವೇ?

ಏಪ್ರಿಲ್ 5, ಶನಿವಾರ

ಬೆಳಿಗ್ಗೆ ಹಾಳೆಯನ್ನು ಚಿಕ್ಕಮ್ಮನ ಮುಂದಿಟ್ಟೆ. ಭೂತಗನ್ನಡಿ ತೆಗೆದುಕೊಳ್ಳಲಿಲ್ಲ. ಆಗಲೇ ನನಗೆ ಗೊತ್ತಾಯಿತು.

"ನಿಮಗೆ ಮೊದಲೇ ಗೊತ್ತಿತ್ತು."

"ಅಕ್ಕನಿಗೆ ಗೊತ್ತಿತ್ತು. ಅವಳು ನನಗೆ ಹೇಳಿದ್ಳು."

"ಅಮ್ಮನಿಗೆ?"

"ಅವನು ಬರ್ತೀನಿ ಅಂತಲೇ ಅಂದ. ಟಿಕೆಟ್ಟೂ ನೋಡಿದ್ದ. ಬರಬೇಡ ಅಂದವಳು ಅವಳೇ. 'ನಾನಂತೂ ಹೋಗ್ತೀನಿ, ನನ್ನ ಜೊತೆ ನಿನ್ನ ಬದುಕನ್ನೂ ಯಾಕೆ ಹಾಳು ಮಾಡ್ಕೋತೀಯ' ಅಂದ್ಳು. ಬಾಗಿಲು ಸದ್ದಾದ್ರೆ ತಲೆ ಎತ್ತಿ ನೋಡೋಳು, ನೆನಪಿದ್ಯಾ? ಮಾತು ಮೀರಿ ಬಂದುಬಿಟ್ಟನೇನೋ ಅಂತ ಭಯ ಅವಳಿಗೆ."

"ನನಗೆ ಯಾಕೆ ಹೇಳಲಿಲ್ಲ?"

"ಹತ್ತು ಜನರ ಮಧ್ಯೆ ಕೆಲಸ ಮಾಡೋಳು ನೀನು. ಯಾರ ಹತ್ತಿರನಾದ್ರೂ ಬಾಯಿಬಿಟ್ಟರೆ ಅವನನ್ನ ಹಿಡಿದು ಓಡಿಸ್ತಾರೆ ಅಂತ. ಆಮೇಲೆ ಹೇಳೋಣ ಅಂದ್ರೆ, ಅವನ ಮಾತೆತ್ತಿದ ಕೂಡಲೇ ಎದ್ದು ಹೋಗ್ತಿದ್ದೆ."

ಆಗಲೂ ಎದ್ದು ಹೋದೆ. ಬೀದಿಯ ತುದಿಯವರೆಗೆ ನಡೆದು ಹಿಂತಿರುಗಿದೆ. ಮತ್ತೆ ಹೋದೆ. ಚಪ್ಪಲಿ ಎರಡೂ ಬೇರೆ ಬೇರೆ ಜೊತೆಯವು ಎಂದು ಮೂರನೇ ಸುತ್ತಿನಲ್ಲಿ ಕಂಡಿತು.

ಏಪ್ರಿಲ್ 6, ಭಾನುವಾರ

ಆರು ವರ್ಷದ ಹಿಂದೆ ಒಮ್ಮೆ ಅವನು ಚಿಕ್ಕಮ್ಮನಿಗೆ ಫೋನು ಮಾಡಿ, "ಈಗ ಬರಬಹುದು, ಬರಲಾ?" ಎಂದು ನನ್ನನ್ನು ಕೇಳಿಸಿದ್ದ. ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದು ಹೇಳಿಸಿದ್ದೆ.

ಏಪ್ರಿಲ್ 9, ಬುಧವಾರ

ಫೋನು ಮಾಡಿದೆ. ಅರ್ಜಿಯ ವಿಚಾರ ಎಂದೇ ಶುರು ಮಾಡಿದೆ.

"ಆ ಅಡ್ಡಗೆರೆ ಇರೋ ಕಡೆ ಏನು ಬರೀಲಿ?"

ಅವನ ಧ್ವನಿ ಮುದುಕನದಾಗಿದೆ. "ಇದ್ದದ್ದು ಇದ್ದ ಹಾಗೆ ಬರಿ. ದಂಡ ಕಟ್ಟಿ, ಕೋರ್ಟಿಗೆ ಹೋಗಿ ಎಲ್ಲ ಸರಿಮಾಡ್ಕೊಂಡಿದ್ದೀನಿ. ಮುಚ್ಚಿಡೋದು ಏನಿಲ್ಲ."

"ಆ ಆರು ವರ್ಷ ಎಲ್ಲಿದ್ದೆ?"

"ಒಂದು ಗೋದಾಮು. ಕೆಲಸ ಅಲ್ಲೇ, ಮಲಗೋದೂ ಅಲ್ಲೇ. ಪೊಲೀಸ್ ಗಾಡಿ ಕಂಡ್ರೆ ರಸ್ತೆ ಬದಲಾಯಿಸ್ತಿದ್ದೆ. ಅಮ್ಮ ಹೋದ ದಿನ ಲಿಫ್ಟೊಳಗೆ ಕೂತು ಅತ್ತೆ. ಕೆಟ್ಟಿದೆ ಅಂತ ಬೋರ್ಡ್ ಹಾಕಿ."

ನಾನು ಏನೋ ಹೇಳಬೇಕಿತ್ತು. "ಜ್ವರ ಎಷ್ಟಿದೆ?" ಎಂದೆ.

ಫಾರಿನ್ ಬೇರೆಯೇ ಹೇಳಿದರು: "ಅಕ್ರಮ ಅಂತ ಬರೆದ್ರೆ ಮುಗೀತು, ಕದ ಮುಚ್ಚಿದ ಹಾಗೆ. ಖಾಲಿ ಬಿಟ್ಟುಬಿಡಿ." ಯೋಚಿಸಿದೆ. ಎಲ್ಲೋ ಯಾರೋ ಓದಿ ಅವನಿಗೆ ಮತ್ತೆ ತೊಂದರೆ ಕೊಟ್ಟರೆ? ಖಾಲಿ ಬಿಟ್ಟು ಸಲ್ಲಿಸಿದೆ.

ಏಪ್ರಿಲ್ 16, ಬುಧವಾರ

ದಿನಕ್ಕೆ ಇಪ್ಪತ್ತು ಸಲ ನೋಡುತ್ತೇನೆ. 'ಪರಿಶೀಲನೆಯಲ್ಲಿದೆ.' ಇವತ್ತು ಎರಡು ಹೊದಿಕೆ ಸುಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಏಪ್ರಿಲ್ 24, ಗುರುವಾರ

ನಿರಾಕರಣೆ.

'ಆಹ್ವಾನಿಸಿದವರ ವಾಸದ ವಿವರ ಅಪೂರ್ಣ. ಅರ್ಜಿದಾರರು ಮರಳಿ ಹೋಗುವ ಬಗ್ಗೆ ಮನವರಿಕೆಯಾಗಿಲ್ಲ.' ಎರಡು ಸಾಲು. ಬಟ್ಟೆಯ ಗಾಡಿಯ ಹಿಂದೆ ನೆಲದ ಮೇಲೆ ಕೂತುಬಿಟ್ಟೆ. ಅಣ್ಣ ಇದ್ದದ್ದು ಇದ್ದ ಹಾಗೆ ಬರಿ ಎಂದಿದ್ದ. ಖಾಲಿ ಬಿಟ್ಟವಳು ನಾನು. ಅವನ ಆಯುಷ್ಯವನ್ನು ನಾನೇ ಕೈಯಾರೆ ತಡೆದು ನಿಲ್ಲಿಸಿದೆ.

ಏಪ್ರಿಲ್ 25, ಶುಕ್ರವಾರ

ಅಲ್ಲಿಯ ಡಾಕ್ಟರಿಗೆ ಫೋನು ಮಾಡಿ ಹೇಳಿದೆ. ಅವರು ಗಾಬರಿಯಾಗಲಿಲ್ಲ. ನೀವು ಬರಲಾಗದಿದ್ದರೆ ಕಣಗಳಷ್ಟೇ ಬಂದರೂ ಸಾಕು ಎಂದರು. ಇಲ್ಲೇ ತೆಗೆದು, ತಂಪು ಪೆಟ್ಟಿಗೆಯಲ್ಲಿಟ್ಟು, ಒಬ್ಬರ ಕೈಗೆ ಕೊಟ್ಟು ವಿಮಾನದಲ್ಲಿ ತರಿಸಿಕೊಳ್ಳುತ್ತಾರಂತೆ. ನಮ್ಮ ಆಸ್ಪತ್ರೆಯ ಐದನೇ ಮಹಡಿಯಲ್ಲೇ ಆ ವಿಭಾಗವಿದೆ. ವರ್ಷಗಟ್ಟಲೆ ಅದರ ಹೊದಿಕೆ ತೊಳೆದಿದ್ದೇನೆ, ಒಳಗೆ ಏನು ನಡೆಯುತ್ತದೆಂದು ಕೇಳಿರಲಿಲ್ಲ.

ಚಿಕ್ಕಮ್ಮ ಕುಣಿಯುವುದೊಂದು ಬಾಕಿ. "ನೀನು ಅಂದ್ಕೊಂಡ ಹಾಗೇ ಆಯ್ತಲ್ಲ. ಅವನ ಮನೆ ನೀರೂ ಕುಡಿಯೋ ಹಾಗಿಲ್ಲ!"

ನಗು ಬರಲಿಲ್ಲ.

ಮೇ 8, ಗುರುವಾರ

ಕಣಗಳು ಮಜ್ಜೆಯಿಂದ ರಕ್ತಕ್ಕೆ ಇಳಿಯಲಿ ಎಂದು ನಾಲ್ಕು ದಿನ ಚುಚ್ಚುಮದ್ದು. ಸೊಂಟದ ಮೂಳೆ, ಬೆನ್ನ ಮೂಳೆ, ಎಲ್ಲ ಒಳಗಿನಿಂದ ಯಾರೋ ಹಿಂಡಿದ ಹಾಗೆ. ಇವತ್ತು ಐದು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಿದ್ದೆ. ಒಂದು ಕೈಯಿಂದ ರಕ್ತ ಹೋಗಿ, ಯಂತ್ರ ಬೇಕಾದ್ದನ್ನು ಸೋಸಿಕೊಂಡು, ಇನ್ನೊಂದು ಕೈಗೆ ವಾಪಸ್. ಮಲಗಿದ್ದ ಹೊದಿಕೆಯ ಅಂಚು ಓರೆ. ಯಾರು ಮಡಚಿದ್ದೆಂದು ಗೊತ್ತು. ಸುಮ್ಮನಿದ್ದೆ.

ಕೊಂಡೊಯ್ಯಲು ಬಂದವರು ಐವತ್ತು ದಾಟಿದ ಹೆಂಗಸು. ಪೆಟ್ಟಿಗೆಯ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಎರಡು ಸಲ ಎಳೆದು ನೋಡಿದರು.

"ಇದಕ್ಕೆ ವೀಸಾ ಬೇಡ್ವಾ?" ಎಂದೆ.

"ನನಗೆ ಬೇಕು. ಇದಕ್ಕೆ ಒಂದು ಪತ್ರ ಸಾಕು. ಇದನ್ನ ಯಾರೂ ತಡೆಯಲ್ಲಮ್ಮ."

"ಕೆಳಗಿಡ್ತೀರಾ ವಿಮಾನದಲ್ಲಿ?"

"ನನ್ನ ಮಡಿಲಲ್ಲೇ ಇರುತ್ತೆ. ಇಳಿಯೋ ತನಕ ಬಿಡಲ್ಲ."

ಅವರು ಹೋದ ಮೇಲೆ ಕಿಟಕಿಯ ಹತ್ತಿರ ನಿಂತೆ. ಕಾರು ಗೇಟು ದಾಟಿತು. ನನ್ನ ಮೈಯ ಒಂದು ಚೀಲದಷ್ಟು ಅಣ್ಣನ ಹತ್ತಿರ ಹೊರಟಿತು. ನಾನು ಇಲ್ಲೇ.

ಮೇ 9, ಶುಕ್ರವಾರ

ಹಾಕಿದರಂತೆ. ಇನ್ನು ಕಾಯುವುದು.

ಮೇ 27, ಮಂಗಳವಾರ

ಹೊಸ ರಕ್ತ ಹುಟ್ಟುತ್ತಿದೆಯಂತೆ! ಅಣ್ಣ ಎರಡು ಚಮಚ ಗಂಜಿ ಕುಡಿದನಂತೆ. ಇಸ್ತ್ರಿ ವಿಭಾಗದಲ್ಲಿ ಎಲ್ಲರಿಗೂ ಹೇಳಿದೆ. ಯಾರೋ "ಪಾಪ" ಎಂದರು, "ಪಾಪ ಯಾಕೆ, ಚೆನ್ನಾಗಿದ್ದಾನೆ" ಎಂದೆ.

ಜೂನ್ 17, ಮಂಗಳವಾರ

ಎರಡನೇ ವೀಸಾ ಅರ್ಜಿಯನ್ನು ಯಾರ ಸಹಾಯವೂ ಇಲ್ಲದೆ ತುಂಬಿದ್ದೆ. ಆ ಆರು ವರ್ಷಕ್ಕೆ ಒಂದು ಪುಟ ಬರೆದು ಲಗತ್ತಿಸಿದ್ದೆ. ಈ ಸಲ ಸಂದರ್ಶನಕ್ಕೆ ಕರೆದರು. ಗಾಜಿನ ಆಚೆ ಒಬ್ಬ ಅಧಿಕಾರಿಣಿ.

"ಚಿಕಿತ್ಸೆ ಮುಗಿದಿದೆ. ಕೊಡಬೇಕಾದ್ದು ಕೊಟ್ಟಾಗಿದೆ. ಈಗ ಯಾಕೆ ಹೋಗ್ಬೇಕು?"

"ನೋಡಕ್ಕೆ."

"ಎಷ್ಟು ದಿನ?"

"ಇಪ್ಪತ್ತೊಂದು. ನನಗೆ ಇರೋದು ಅಷ್ಟೇ ರಜೆ."

"ನಿಮ್ಮಣ್ಣ ಆರು ವರ್ಷ ಕಾಗದ ಇಲ್ಲದೆ ಇದ್ರು ಅಂತ ನೀವೇ ಬರೆದಿದ್ದೀರಿ. ನೀವೂ ಹಾಗೇ ಉಳಿಯಲ್ಲ ಅಂತ ಹೇಗೆ ನಂಬ್ಲಿ?"

ಮೊದಲೇ ಯೋಚಿಸಿಟ್ಟ ಉತ್ತರ ಬೇರೆ ಇತ್ತು. ಅದು ಬಾಯಿಗೆ ಬರಲಿಲ್ಲ.

"ಮೇಡಂ, ಹಾಗೆ ಉಳಿದವರ ಮನೆಯಲ್ಲಿ ಏನಾಗುತ್ತೆ ಅಂತ ಹನ್ನೊಂದು ವರ್ಷ ನೋಡಿದ್ದೀನಿ. ನಮ್ಮಮ್ಮ ಸಾಯುವಾಗ ಅಣ್ಣ ಅಲ್ಲಿ ಸಿಕ್ಕಿಹಾಕ್ಕೊಂಡಿದ್ದ. ಮನೆಯಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ. ಅವರ ಕೊನೇ ಹೊತ್ತಿಗೆ ನಾನೂ ಆಚೆ ಇರಕ್ಕಾಗಲ್ಲ."

ಅವರು ಏನೋ ಟೈಪು ಮಾಡಿದರು. ಬೆರಳಿಡಿ ಎಂದರು. ಈ ಯಂತ್ರವೂ ಕೆಂಪು ದೀಪ ಹಾಕಿತು. "ಕಾಯ್ತೀನಿ, ನಿಧಾನವಾಗಿ ಇಡಿ" ಎಂದರು.

ಜುಲೈ 1, ಮಂಗಳವಾರ

ವೀಸಾ ಸಿಕ್ಕಿತು. ಖಾಲಿ ಹಾಳೆಯೊಂದರ ತುಂಬ ಮುದ್ರೆ. ಅಣ್ಣ ಪೂರ್ತಿ ಚೇತರಿಸಿಕೊಂಡ ಮೇಲೆ, ಆಗಸ್ಟ್ ಕೊನೆಗೆ ಬನ್ನಿ ಎಂದು ಡಾಕ್ಟರು ಹೇಳಿದ್ದಾರೆ. ಫಾರಿನ್ ತಮ್ಮ ಮಗಳ ವೀಸಾ ಅರ್ಜಿ ಹಿಡಿದು ಬಂದಿದ್ದರು, "ಇಲ್ಲಿ ಏನು ಬರೀಬೇಕು ಸ್ವಲ್ಪ ನೋಡಿ" ಎಂದು. ಊಟದ ಬಿಡುವಿನಲ್ಲಿ ನೋಡಿಕೊಟ್ಟೆ.

ಸೆಪ್ಟೆಂಬರ್ 3, ಬುಧವಾರ

ಬಂದು ಐದು ದಿನ. ಬರೆಯಲು ಈಗ ಪುರುಸೊತ್ತು.

ಅಣ್ಣನ ಮನೆ ಒಂದೇ ಕೋಣೆ, ಪುಟ್ಟದೊಂದು ಅಡುಗೆಮನೆ, ನಾಲ್ಕನೇ ಮಹಡಿ. ಜನಜಂಗುಳಿಗೆ ಬರುವಂತಿಲ್ಲವೆಂದು ವಿಮಾನ ನಿಲ್ದಾಣಕ್ಕೆ ಬಂದಿರಲಿಲ್ಲ. ಬಾಗಿಲು ತೆರೆದಾಗ ಬೇರೆ ಯಾರೋ ಎಂದುಕೊಂಡೆ. ತಲೆಯಲ್ಲಿ ಕೂಸಿನ ಕೂದಲು, ಅಂಗಿಯೊಳಗೆ ಅರ್ಧ ಮನುಷ್ಯ.

"ದಪ್ಪ ಆಗಿದ್ದೀಯ" ಎಂದ.

"ಕಣ್ಣೂ ಹೋಗಿದ್ಯಾ ನಿನಗೆ?" ಎಂದೆ. ಚೀಲ ಕೆಳಗಿಡುವುದು ಇಬ್ಬರಿಗೂ ನೆನಪಾಗಲಿಲ್ಲ. ಆಮೇಲೆ ಅವನು ಒಂದು ಲೋಟ ನೀರು ಕೊಟ್ಟ, ಕುಡಿದೆ. ಅಮ್ಮನ ಮಾತು ಎರಡನೇ ದಿನ ಬಂತು, ತಾನಾಗಿಯೇ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಆಡಿದೆವು.

ಇವತ್ತು ಪರೀಕ್ಷೆಗೆ ಜೊತೆಯಲ್ಲಿ ಹೋಗಿದ್ದೆ. ಅಣ್ಣನ ರಕ್ತದ ಗುಂಪು ಬದಲಾಗಿ ನನ್ನದೇ ಗುಂಪಾಗಿದೆಯಂತೆ. ಹಾಗಾಗುವುದು ಸಹಜ ಎಂದರು ಡಾಕ್ಟರು. ದಾರಿಯುದ್ದಕ್ಕೂ ಅಣ್ಣನ ಗೋಳು: "ಇನ್ನು ನನಗೂ ನಿನ್ನ ಥರಾನೇ ಸಿಟ್ಟು ಬರುತ್ತೇನೋ." ಆದರೆ ಅವನ ಆರೋಗ್ಯದ ಗುರುತಿನ ಚೀಟಿಯಲ್ಲಿ ಹಳೆಯ ಗುಂಪೇ ಇದೆ. ಅದನ್ನು ಆನ್‌ಲೈನಿನಲ್ಲಿ ತಿದ್ದಿಸಬೇಕು. ಕಂಪ್ಯೂಟರಿನ ಮುಂದೆ ಕೂತು ಅರ್ಧ ಗಂಟೆ ಹುಬ್ಬು ಗಂಟಿಕ್ಕಿದ.

"ಸರಿ, ಕೊಡು ಇಲ್ಲಿ" ಎಂದೆ.

ಬದಲಾವಣೆಗೆ ಕಾರಣ ಕೇಳಿತ್ತು. ಕೆಳಗೆ ಎರಡೇ ಆಯ್ಕೆ: ಹಿಂದೆ ತಪ್ಪಾಗಿ ನಮೂದಾಗಿದೆ; ಇತರೆ.

"ತಪ್ಪು ಅಂತ ಒತ್ತು. ಬೇಗ ಮುಗಿಯುತ್ತೆ" ಎಂದ ಅಣ್ಣ.

"ತಪ್ಪೇನೂ ಆಗಿಲ್ವಲ್ಲ."

'ಇತರೆ' ಒತ್ತಿದೆ. ವಿವರಿಸಿ ಎಂದು ಒಂದು ಸಾಲಿನ ಜಾಗ ಕೊಟ್ಟಿತು. ಅರ್ಜಿ ತುಂಬಿ ತುಂಬಿ ಕಲಿತ ಇಲ್ಲಿಯ ಭಾಷೆಯಲ್ಲಿ ನನಗೆ ಬಂದಷ್ಟರಲ್ಲಿ, ಒಂದೊಂದೇ ಅಕ್ಷರ ಹುಡುಕಿ ಬರೆದೆ: ಈಗ ಇವರ ಮೈಯಲ್ಲಿ ಓಡುತ್ತಿರುವುದು ತಂಗಿಯ ರಕ್ತ.

ಅಣ್ಣ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದ. ಚಹಾ ಇಡುತ್ತೇನೆಂದು ಅಡುಗೆಮನೆಗೆ ಹೋದ. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತಿನವರೆಗೆ ಕೇಳಿಸುತ್ತಿತ್ತು, ಒಲೆ ಹಚ್ಚಿದ ಸದ್ದು ಬರಲೇ ಇಲ್ಲ. ನಾನು ಕರೆಯಲಿಲ್ಲ. ಅರ್ಜಿಯಲ್ಲಿ ಇನ್ನೂ ಎರಡು ಪುಟ ಬಾಕಿಯಿತ್ತು.